ಸೋಮವಾರ ಬಾರದವಳು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಚೆನ್ನೈನ ಅಂಬತ್ತೂರಿಗೆ ಹೋಗಿದ್ದೆ. ನಮ್ಮವರ ಜೊತೆ ಕೆಲಸ ಮಾಡಿದ್ದವರೊಬ್ಬರ ಮನೆಯ ಗೃಹಪ್ರವೇಶ. ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ನಿಂತಿತ್ತು. ದೊಡ್ಡ ರಸ್ತೆಯಲ್ಲಿ ನೀರು ಇಳಿದಿಲ್ಲ ಎಂದು ಆಟೋದವನು ಒಳಬೀದಿಗೆ ತಿರುಗಿಸಿದ. ಅಲ್ಲಿ ಚರಂಡಿಯ ಅಂಚಿಗೆ ಉದ್ದಕ್ಕೂ ಬ್ಲೀಚಿಂಗ್ ಪೌಡರ್ ಎರಚಿದ್ದರು. ಆ ಘಾಟು ಒದ್ದೆ ಗೋಡೆಗಳ ವಾಸನೆಯ ಜೊತೆ ಸೇರಿ ಮೂಗಿಗೆ ಬಡಿದದ್ದೇ ತಡ, “ಕೊಂಜಂ ನಿರುತ್ತುಪ್ಪಾ” ಎಂದು ಅವನನ್ನು ನಿಲ್ಲಿಸಿಬಿಟ್ಟೆ. ಅದು ನಮ್ಮದೇ ಹಳೆಯ ಬೀದಿಯ ತುದಿ. ನಮ್ಮ ಕಾಲದಲ್ಲಿ ಸಿಮೆಂಟ್ ಶೀಟಿನ ಎರಡು ಕೋಣೆಗಳಾಗಿದ್ದ ಆರೋಗ್ಯ ಕೇಂದ್ರ ಈಗ ಮಹಡಿ ಏರಿಸಿಕೊಂಡು, ಟೈಲ್ಸ್ ಹಾಕಿಸಿಕೊಂಡು, ಗೇಟಿನಲ್ಲಿ ಕಾವಲುಗಾರನನ್ನೂ ಕೂರಿಸಿಕೊಂಡಿತ್ತು. ಆಟೋದವನು ಮೀಟರಿನ ಕಡೆ ನೋಡಿದ. ಈ ಊರಿನಲ್ಲಿ ಮೀಟರ್ ನೋಡುವ ಆಟೋದವನೂ ಹುಟ್ಟಿದನಲ್ಲ ಎಂದು ನಗು ಬಂತು.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲದ ಮಾತು. ನಮ್ಮವರಿಗೆ ಅಂಬತ್ತೂರಿನ ಕೈಗಾರಿಕಾ ಬಡಾವಣೆಯಲ್ಲಿ, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ. ನಾನು ಮೈಸೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಬರುತ್ತಿದ್ದ ತಮಿಳು ‘ತೆರಿಯಾದು’ ಒಂದೇ, ಅಂದರೆ ಗೊತ್ತಿಲ್ಲ. ಉಳಿದದ್ದನ್ನೆಲ್ಲ ತರಕಾರಿಯವಳ ಜೊತೆ, ನೀರಿನ ಲಾರಿಯ ಮುಂದೆ ಕೊಡ ಹಿಡಿದು ನುಗ್ಗುವವರ ಜೊತೆ ಜಗಳವಾಡುತ್ತಲೇ ಕಲಿತೆ. ಜಗಳದಲ್ಲಿ ಕಲಿತ ಭಾಷೆ ಬೇಗ ಬರುತ್ತದೆ, ಬಂದದ್ದು ಮರೆಯುವುದೂ ಇಲ್ಲ. ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ, ‘ಕನ್ನಡಕ್ಕಾರಮ್ಮ’ ಎಂದರೆ ನಾನೇ. ಮನೆಯಲ್ಲಿ ಮಗ ಮಾತ್ರ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟು ನನ್ನ ಹೊಟ್ಟೆ ಉರಿಸುತ್ತಿದ್ದ.

ನನ್ನ ಬಾಯಿ ಸ್ವಲ್ಪ ಜೋರು. ಆರೋಗ್ಯ ಕೇಂದ್ರದ ಸಮಿತಿಗೆ ನಾನು ಸೇರಿದ್ದೂ ಆ ಬಾಯಿಂದಲೇ. ಒಂದು ಬೆಳಿಗ್ಗೆ ಮಗನಿಗೆ ಚುಚ್ಚುಮದ್ದು ಹಾಕಿಸಲು ಹೋದರೆ ಎಷ್ಟು ಹೊತ್ತಾದರೂ ಬಾಗಿಲು ತೆಗೆದಿರಲಿಲ್ಲ. ಕಾಯುತ್ತಿದ್ದ ಹೆಂಗಸರೆಲ್ಲ ಸುಮ್ಮನೆ ಕೂತಿದ್ದರು. ನಾನು ಬಾಗಿಲ ಮುಂದೆ ನಿಂತು ಸರ್ಕಾರವನ್ನೂ ನರ್ಸನ್ನೂ ಒಟ್ಟಿಗೆ ಬೈದೆ. ಆ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ನಮ್ಮ ವಾರ್ಡಿನ ಕೌನ್ಸಿಲರ್ ನಿಂತು ಪೂರ್ತಿ ಕೇಳಿಸಿಕೊಂಡರು. ಅದೇ ದಿನಗಳಲ್ಲಿ, ಪ್ರತಿ ಕೇಂದ್ರಕ್ಕೂ ಊರಿನವರದೇ ಒಂದು ಸಮಿತಿ ಇರಬೇಕು, ಕೇಂದ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಅವರು ನೋಡಿಕೊಳ್ಳಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತಂತೆ. ಸಮಿತಿಗೆ ಹೆಂಗಸರೊಬ್ಬರು ಬೇಕಾಗಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನನಗೆ ಬಾಯಿಂದ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಆಗೊಮ್ಮೆ ಈಗೊಮ್ಮೆ ಕರೆಯುತ್ತಿದ್ದರು. ಟೀ ಬರುತ್ತಿತ್ತು, ಬಿಸಿ ಮಸಾಲ ವಡೆ ಬರುತ್ತಿತ್ತು, ಎಲ್ಲರೂ ಸಹಿ ಮಾಡಿ ಮನೆಗೆ ಹೋಗುತ್ತಿದ್ದೆವು. ನಾವು ಏನನ್ನು ನೋಡಿಕೊಳ್ಳಬೇಕು ಎಂದು ನಮಗೂ ಗೊತ್ತಿರಲಿಲ್ಲ, ಕೇಂದ್ರಕ್ಕೂ ಗೊತ್ತಿರಲಿಲ್ಲ.

ಅಲ್ಲಿನ ನರ್ಸ್ ಸೆಲ್ವಿ. ಕೇರಳದ ಗಡಿಗೆ ಅಂಟಿದ ನಾಗರಕೋವಿಲ್ ಕಡೆಯವರು. ಎತ್ತರದ ಆಳು, ಎಣ್ಣೆ ಹಾಕಿ ಬಿಗಿದು ಕಟ್ಟಿದ ತುರುಬು, ನಡಿಗೆಯಲ್ಲಿ ಸದಾ ಅವಸರ. ಅವರ ತಮಿಳು ಊರಿನವರ ತಮಿಳಿನ ಹಾಗಿರಲಿಲ್ಲ. ಮಲಯಾಳದ ಗಾಳಿ ಬೀಸಿದ ರಾಗ, ಅರ್ಧ ಮಾತು ಬಾಯಲ್ಲಿ, ಅರ್ಧ ಕೈಯಲ್ಲಿ. ನಾನು ಬೈದ ಬೆಳಿಗ್ಗೆ ಅವರು ಯಾರದೋ ಮನೆಯಲ್ಲಿ ಎಳೆ ಮಗುವಿನ ಹೊಕ್ಕುಳು ನೋಡಲು ಹೋಗಿದ್ದರು ಎಂದು ಆಮೇಲೆ ತಿಳಿಯಿತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರ್‌ಗೆ ನಮ್ಮದರ ಜೊತೆ ಇನ್ನೂ ಕೆಲವು ಕೇಂದ್ರಗಳ ಭಾರ. ನಮ್ಮಲ್ಲಿಗೆ ಬರುತ್ತಿದ್ದದ್ದು ಸೋಮವಾರ ಮಾತ್ರ. ಉಳಿದ ದಿನ ಸೆಲ್ವಿಯೇ ಡಾಕ್ಟರು, ಸೆಲ್ವಿಯೇ ಜವಾನ, ಮಳೆ ಬಂದರೆ ಸೋರುವ ಜಾಗಕ್ಕೆ ಬಕೆಟ್ ಇಡುವವರೂ ಸೆಲ್ವಿಯೇ.

ಆ ವರ್ಷ ಆಡಿ ಮಾಸ, ಅಂದರೆ ನಮ್ಮ ಆಷಾಢ, ಕಳೆದ ಮೇಲೆ ನಮ್ಮ ಮನೆಯಿಂದ ಮೂರನೇ ವಠಾರಕ್ಕೆ ಸವಿತ ಬಂದಳು. ಗಂಡ ಮಾದೇಶ ನಮ್ಮವರ ಕಾರ್ಖಾನೆಯಲ್ಲೇ ಮಷಿನ್ ಆಪರೇಟರ್. ಕೊಳ್ಳೇಗಾಲದ ಹತ್ತಿರದ ಹಳ್ಳಿಯವರು. ಸವಿತಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ, ಬರುವಾಗಲೇ ಬಸುರಿ. ತಮಿಳು ಅಂದರೆ ಅವಳಿಗೆ ಟಿವಿಯಲ್ಲಿ ಅಳುವವರ ಭಾಷೆ. ನನ್ನ ಕನ್ನಡ ಕಿವಿಗೆ ಬಿದ್ದ ದಿನ ಅವಳು ಬಂದು ನಮ್ಮ ಹೊಸ್ತಿಲ ಮೇಲೆ ಕೂತವಳು ಏಳಲೇ ಇಲ್ಲ. “ಅಕ್ಕ, ಈ ಊರಲ್ಲಿ ಹುಣ್ಸೇಹಣ್ಣು ಕೇಳಕ್ಕೂ ಕೈಯಲ್ಲೇ ಆಡಿ ತೋರುಸ್ಬೇಕು ಕಣಕ್ಕ. ನಿನ್ನೆ ಅಂಗ್ಡಿಯೋನು ನನ್ ಕೈ ನೋಡಿ ನಿಂಬೆಹಣ್ಣು ಕೊಟ್ಟ” ಎಂದು ನಕ್ಕಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ. ಹುಳಿ ಮಾಡಿದ ದಿನ ಅವಳಿಗೆ ಒಂದು ಬಟ್ಟಲು ತೆಗೆದಿಡುವುದು ಹೇಗೆ ಅಭ್ಯಾಸವಾಯಿತೋ ಗೊತ್ತಿಲ್ಲ.

ದೀಪಾವಳಿಯ ಹೊತ್ತಿಗೆ, ಅವರ ಐಪ್ಪಸಿ ಮಾಸದಲ್ಲಿ, ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲ ಮುಗಿದು ಜನ ಅವರೆಕಾಯಿಗೆ ಕಾಯುವ ಹೊತ್ತಿಗೆ ಆ ಊರಿನಲ್ಲಿ ಆಕಾಶ ಬಾಯಿಬಿಡುತ್ತದೆ. ಪಟಾಕಿ ಒಣಗಿಸಲು ಬಿಸಿಲಿರಲಿಲ್ಲ. ಬಟ್ಟೆಗಳೆಲ್ಲ ಮನೆಯೊಳಗಿನ ಹಗ್ಗದ ಮೇಲೆ ನೇತಾಡಿ ಮುಗ್ಗಲು ನಾರುತ್ತಿದ್ದವು. ಒಂದು ಗುರುವಾರ ಸವಿತ ಒಬ್ಬಳೇ ಕೇಂದ್ರಕ್ಕೆ ಹೋಗಿಬಂದಳು. ನಾನು ಆಗ ತಮ್ಮನ ಮಗುವಿನ ನಾಮಕರಣಕ್ಕೆಂದು ಮೈಸೂರಿಗೆ ಹೋಗಿದ್ದೆ. ನಾನು ತಿರುಗಿ ಬಂದ ಮೇಲೆ ಅವಳ ಕಾಲು ನೋಡಿದರೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

“ತೋರಿಸಿದ್ಯೇನೆ?” ಎಂದೆ.

“ತೋರಿಸ್ದೆ ಅಕ್ಕ. ಬಿ.ಪಿ. ಅದೆ ಅಂದ್ರು. ಉಪ್ಪು ಬುಡು ಅಂತ ಕೈಯಲ್ಲಿ ತೋರುಸುದ್ರು. ಇನ್ನೊಂದು ತಿಂಗ್ಳು ಬುಟ್ಟು ಬಾ ಅಂದವ್ರೆ.”

ನನಗೆ ಸ್ವಲ್ಪ ಆಶ್ಚರ್ಯವಾಯಿತು. ಕೇಂದ್ರದವರೇ ಹೇಳಿದ ಮೇಲೆ ಇರಬಹುದು ಅಂದುಕೊಂಡೆ. ಉಪ್ಪಿನಕಾಯಿ ಮುಟ್ಟಬೇಡ ಎಂದು ಗದರಿಸಿ ಕಳಿಸಿದೆ.

ಆ ತಿಂಗಳು ತುಂಬಲಿಲ್ಲ. ಒಂದು ಮಧ್ಯಾಹ್ನ ಬೀದಿಯಲ್ಲಿ ಮೊಣಕಾಲು ಮಟ್ಟ ನೀರು. ವಠಾರದ ಹೆಂಗಸು ಓಡಿಬಂದು “ಉಂಗ ಊರು ಪೊಣ್ಣು!” ಎಂದು ಕೂಗಿದಳು, ನಿಮ್ಮೂರ ಹುಡುಗಿ ಎಂದು. ಹೋಗಿ ನೋಡಿದರೆ ಸವಿತ ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಕೈಕಾಲು ಸೆಟೆದುಕೊಂಡು ಅದುರುತ್ತಿತ್ತು, ಕಣ್ಣು ಮೇಲೆ ಸಿಕ್ಕಿತ್ತು. ಮಾದೇಶ ಕಾರ್ಖಾನೆಯಲ್ಲಿದ್ದ. ಆಟೋ ಬೀದಿಯೊಳಗೆ ಬರುವಂತಿರಲಿಲ್ಲ. ಸಾಮಾನು ಸಾಗಿಸುವ ಮೂರು ಚಕ್ರದ ಮೀನ್‌ಬಾಡಿ ಗಾಡಿಯ ಮೇಲೆ ಅವಳನ್ನು ಮಲಗಿಸಿ, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು, ನಾವು ನಾಲ್ಕಾರು ಹೆಂಗಸರು ದೊಡ್ಡ ರಸ್ತೆಯವರೆಗೆ ತಳ್ಳಿದೆವು. ದಾರಿಯಲ್ಲಿ ಕೇಂದ್ರದ ಮುಂದೆ ಬಂದಾಗ ಸೆಲ್ವಿ ಓಡಿಬಂದರು. ಒಂದು ಇಂಜೆಕ್ಷನ್ ಚುಚ್ಚಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ, ದೊಡ್ಡ ರಸ್ತೆಯಲ್ಲಿ ಸಿಕ್ಕಿದ ಆಟೋದಲ್ಲಿ ನಮ್ಮ ಜೊತೆ ನಗರದ ದೊಡ್ಡಾಸ್ಪತ್ರೆಗೆ ಬಂದುಬಿಟ್ಟರು. ಅಲ್ಲಿ ಆಪರೇಷನ್ ಆಯಿತು. ಸವಿತ ಉಳಿದಳು. ಹೆಣ್ಣುಮಗು. ಅಂಗೈ ಅಗಲದ ಆ ಕೂಸನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರು.

ಮಾದೇಶನ ತಾಯಿ ತಾಯಮ್ಮ ಮರುದಿನ ಬಸ್ಸಿಳಿದು ಬಂದರು. ಗಿಡ್ಡ ಮೈಕಟ್ಟು, ಅಡಿಕೆ ಎಲೆಯಿಂದ ಕೆಂಪಾದ ಬಾಯಿ, ಮುಖದಲ್ಲಿ ಅಳುವಿನ ಗುರುತೇ ಇಲ್ಲ. ಗಾಜಿನ ಆಚೆಗಿನ ಮೊಮ್ಮಗಳನ್ನು ನೋಡಿದರು, ಸೊಸೆಯ ತಲೆ ನೇವರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಅಮ್ಮಾವ್ರೆ, ಕಾಲು ಊದಿತ್ತು. ಬಿ.ಪಿ.ನೋ ಏನೋ ಅದ ಅಂದ್ರು. ಆಮೇಕೆ ತಿಂಗ್ಳು ಬುಟ್ಟು ಬಾ ಅಂದ್ಲಂತಲ್ಲ ಆ ನರ್ಸು? ಇದುಕ್ಕೆ ಯಾರು ಜವಾಬು ಕೊಡೋರು? ಈ ಊರಲ್ಲಿ ಯೋಳೋರು ಕೇಳೋರು ಇಲ್ವಾ?”

ನಾನು ಸಮಿತಿಯವಳು ಎಂದು ಯಾರೋ ಅವರಿಗೆ ಹೇಳಿದ್ದರು. ಟೀ, ವಡೆ, ಸಹಿ ಅಷ್ಟೇ ಗೊತ್ತಿದ್ದ ನನಗೆ ಮೊದಲ ಸಲ ಆ ಕುರ್ಚಿ ಚುಚ್ಚಿತು. ಸುದ್ದಿ ಬೀದಿ ತುಂಬ ಹರಡಿ ಕೌನ್ಸಿಲರ್ ಸಮಿತಿಯ ಸಭೆ ಕರೆದರು. ಅವರು ಕೆಟ್ಟವರಲ್ಲ, ಆದರೆ ಜನ ಸಿಟ್ಟಾದಾಗ ಏನಾದರೂ ಮಾಡಿ ತೋರಿಸಬೇಕಲ್ಲ. ಸಮಿತಿ ಒಂದು ಮಾತು ಮೇಲಕ್ಕೆ ಬರೆದರೆ ಸೆಲ್ವಿಯ ಕೆಲಸ ಹೋಗುವುದು ಖಂಡಿತ ಎಂದು ಬೀದಿಯಲ್ಲಿ ಎಲ್ಲರೂ ಮಾತಾಡಿಕೊಂಡರು. ಡಾಕ್ಟರೂ ತಲೆಯಾಡಿಸಿದರಂತೆ.

ನನಗೂ ಕೋಪವೇ. ಸಭೆಗೆ ಇನ್ನೂ ಕೆಲವು ದಿನ ಇತ್ತು. ಕಾಯಲಾರದೆ ಕೇಂದ್ರಕ್ಕೆ ನುಗ್ಗಿದೆ. ಸಣ್ಣಪುಟ್ಟ ಜಗಳಕ್ಕೆ ನನ್ನ ತಮಿಳು ಸಾಕಾಗುತ್ತಿತ್ತು, ದೊಡ್ಡ ಕೋಪಕ್ಕೆ ಮಾತ್ರ ಕನ್ನಡ ಮುಂದೆ ಬಂದು ನಿಲ್ಲುತ್ತಿತ್ತು. ಎರಡನ್ನೂ ಕಲಸಿ ಹಾಕಿದೆ.

“ಸವಿತಂಗೆ ತಿಂಗಳ್ ಅಂತ ಯಾಕೆ ಸೊನ್ನೀಂಗ?”

ಸೆಲ್ವಿ ಸಿರಿಂಜು ಕುದಿಸುವ ಪಾತ್ರೆ ಕೆಳಗಿಟ್ಟರು. ಅತ್ತೂ ಅತ್ತೂ ಅವರ ಕಣ್ಣು ಊದಿತ್ತು. “ಆಮಾಮ್ಮಾ. ತಿಂಗಳ್‌ನ್ನು ದಾನ್ ಸೊನ್ನೇನ್,” ಅಂದರು. ಹೌದಮ್ಮ, ತಿಂಗಳ್ ಅಂತಲೇ ಹೇಳಿದೆ ಎಂದು!

“ಒಪ್ಪಿಕೊಂಡ್ರಲ್ಲ!”

“ತಿಂಗಳ್ ವಂದಿರುಂದಾ ಇಪ್ಪಡಿ ಆಗಿಯೇ ಇರುಕ್ಕಾದು.” ತಿಂಗಳ್ ಬಂದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲವಂತೆ.

“ತಿಂಗಳು ಆಗೋಕ್ ಮುಂಚೇನೇ ಬಿದ್ದುಹೋದ್ಲಲ್ರೀ!”

“ಅದು ದಾನ್ ನಾನುಂ ಸೊಲ್ರೇನ್, ತಿಂಗಳ್ ಏನ್ ವರಲೆ?” ಅದನ್ನೇ ನಾನೂ ಹೇಳುತ್ತಿದ್ದೇನೆ, ತಿಂಗಳ್ ಯಾಕೆ ಬರಲಿಲ್ಲ ಎಂದು ಅವರು ಕೂಗಿದರು. ಇಬ್ಬರೂ ಒಂದೇ ಮಾತಿಗೆ ಜೋತುಬಿದ್ದು ಒಬ್ಬರಿಗಿಂತ ಒಬ್ಬರು ಜೋರಾಗಿ ಕಿರುಚುತ್ತಿದ್ದೆವು. ಕೊನೆಗೆ ಅವರು ನನ್ನ ಕೈ ಹಿಡಿದು ಗೋಡೆಯ ಕ್ಯಾಲೆಂಡರ್ ಹತ್ತಿರ ಎಳೆದುಕೊಂಡು ಹೋಗಿ ಒಂದು ಸಾಲಿನ ಮೇಲೆ ಬೆರಳು ಕುಟ್ಟಿದರು. ಸೋಮವಾರಗಳ ಸಾಲು.

ತಮಿಳಿನಲ್ಲಿ ತಿಂಗಳ್ ಅಂದರೆ ಸೋಮವಾರ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಊರಿನವರು ‘ತಿಂಗಕ್ಕೆಳಮೆ’ ಎಂದು ಪೂರ್ತಿ ಹೇಳುತ್ತಾರೆ, ಆ ಬಾಲ ಇದ್ದರೆ ವಾರದ ಹೆಸರು ಎಂದು ಯಾರಿಗೂ ತಿಳಿಯುತ್ತದೆ. ನಾಗರಕೋವಿಲಿನ ಸೆಲ್ವಿ ಅವಸರದಲ್ಲಿ ಬಾಲ ಕತ್ತರಿಸಿ, ‘ತಿಂಗಳ್ ಕಟ್ಟಾಯಂ ವರಣುಂ’ ಅಂದಿದ್ದರು. ಡಾಕ್ಟರ್ ಬರುವ ದಿನ, ತಪ್ಪದೆ ಬಾ ಎಂದು. ಹೇಳುವಾಗ ಎಚ್ಚರಿಸುವುದಕ್ಕೆ ಒಂದು ಬೆರಳನ್ನೂ ಎತ್ತಿ ಆಡಿಸಿದ್ದರು. ಕೊಳ್ಳೇಗಾಲದ ಹುಡುಗಿ ಆ ಮಾತು ಕೇಳಿ, ಆ ಬೆರಳು ನೋಡಿ, ಒಂದು ತಿಂಗಳು ಎಂದು ತಿಳಿದಳು. ಬೇರೆ ಏನೆಂದು ತಿಳಿದಾಳು?

ನಾನು ಬೆಂಚಿನ ಮೇಲೆ ಕೂತೆ. ನಮ್ಮ ಭಾಷೆಯಲ್ಲಿ ಆ ಮಾತಿಗೆ ಇರುವ ಅರ್ಥವನ್ನು ಸೆಲ್ವಿಗೆ ಹೇಳಿದೆ. ಅವರು ಕ್ಯಾಲೆಂಡರಿನ ಮೇಲಿದ್ದ ಬೆರಳನ್ನು ಕೆಳಗಿಳಿಸಿದರು. ನಾನು ಎದ್ದು, ಇದನ್ನು ಸಭೆಯಲ್ಲಿ ಹೇಳಿಬಿಡೋಣ, ನಿಮ್ಮ ಮೇಲಿನ ಅಪವಾದ ಹೋಗುತ್ತದೆ ಎಂದಾಗ ಸೆಲ್ವಿ ತಲೆಯಲ್ಲಾಡಿಸಿದರು. “ವೇಂಡಾಮ್ಮಾ. ಅಂದ ಪೊಣ್ಣು ಮೇಲೆ ಪಳಿ ವಿಳುಂ. ಮಾಮಿಯಾರ್ ಇರುಕ್ಕಾಂಗ.” ಬೇಡಮ್ಮ, ಆ ಹುಡುಗಿಯ ಮೇಲೆ ತಪ್ಪು ಬೀಳುತ್ತದೆ, ಅತ್ತೆ ಇದ್ದಾರೆ. ಅಷ್ಟು ಹೇಳಿ ಮತ್ತೆ ಸಿರಿಂಜಿನ ಪಾತ್ರೆಯನ್ನು ಒಲೆಯ ಮೇಲಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎನ್ನುವ ಗಾದೆ ಕೇಳಿದ್ದೆ. ಬರೆಗೆ ತಾನೇ ಬೆನ್ನು ಕೊಡುವವರನ್ನು ನೋಡಿದ್ದು ಆವತ್ತೇ.

ಸವಿತಳಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳು ದಿನಾ ದೊಡ್ಡಾಸ್ಪತ್ರೆಗೆ ಹೋಗಿ, ಹಾಲು ಹಿಂಡಿ ಒಳಗೆ ಕೊಟ್ಟು, ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಳು. ಆ ಬೆಂಚಿನಲ್ಲೇ ಪಕ್ಕ ಕೂತು ಮೆಲ್ಲಗೆ ಹೇಳಿದೆ. ಅವಳು ‘ತಿಂಗಳ್, ತಿಂಗಳ್’ ಎಂದು ಎರಡು ಸಲ ಬಾಯೊಳಗೇ ಅಂದುಕೊಂಡಳು.

“ಅಂಗಾದ್ರೆ ನನ್ನಿಂದ್ಲೇ ಅಲ್ವಾ ಅಕ್ಕ ಅದು ಆ ಪೆಟ್ಟಿಗೇಲಿ ಮಲಗಿರೋದು?”

“ಅಲ್ಲ ಕಣೆ. ಮಾತಿನಿಂದ ಆಗಿದ್ದು. ಅವರ ಮಾತು ಅವರಿಗೆ ಸರಿ, ನಿನ್ನ ಮಾತು ನಿನಗೆ ಸರಿ.”

ನನ್ನ ಸಮಾಧಾನ ಅವಳನ್ನು ಮುಟ್ಟಿತೆಂದು ನನಗನ್ನಿಸಲಿಲ್ಲ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ನಮ್ಮತ್ತೆಗೆ ಯೋಳ್ಬೇಡಿ ಅಕ್ಕ. ನಿಮ್ಮ ದಮ್ಮಯ್ಯ. ಮಗು ಏನಾದ್ರೂ ಓಗ್ಬುಟ್ರೆ ಸಾಯೋಗಂಟ ನನ್ನ ಅದೇ ಮಾತಲ್ಲಿ ತಿವೀತಾರೆ” ಎಂದಳು. ನಾನು ಮಾತು ಕೊಟ್ಟೆ. ಮನೆಗೆ ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ: ಬಾಯಿ ಬಿಟ್ಟರೆ ಈ ಹುಡುಗಿ, ಬಾಯಿ ಮುಚ್ಚಿದರೆ ಆ ನರ್ಸಮ್ಮ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನಗೆ ದೇವರು ಇಂಥ ಪರೀಕ್ಷೆ ಇಟ್ಟನಲ್ಲ ಎಂದು ನಿಜವಾಗಿ ಅತ್ತೆ.

ಸಭೆಯ ದಿನವೂ ಮಳೆ. ಕೇಂದ್ರದ ಮುಂದಿನ ಕೋಣೆಯಲ್ಲಿ ಕೌನ್ಸಿಲರ್, ಡಾಕ್ಟರ್, ನಾನು, ಇನ್ನಿಬ್ಬರು ಸದಸ್ಯರು. ಸೆಲ್ವಿ ತೂಕದ ಯಂತ್ರದ ಪಕ್ಕ ನಿಂತಿದ್ದರು, ಕೂರಿ ಅಂದರೂ ಕೂರಲಿಲ್ಲ. ಬಾಗಿಲಲ್ಲಿ ಅರ್ಧ ಬೀದಿ. ತಾಯಮ್ಮ ಸೊಸೆಯ ಕೈ ಹಿಡಿದು ಕರೆತಂದು ಎದುರಿನ ಬೆಂಚಿನಲ್ಲಿ ಕೂತರು. ಟೀ ಬಂತು. ಯಾರೂ ಮುಟ್ಟಲಿಲ್ಲ.

ಕೌನ್ಸಿಲರ್ ಸೆಲ್ವಿಯನ್ನು ಕೇಳಿದರು: ಕಾಲು ಊದಿದ ಬಸುರಿಯನ್ನು ಒಂದು ತಿಂಗಳು ಬಿಟ್ಟು ಬರಲು ಹೇಳಿದ್ದು ನಿಜವೇ? ಸೆಲ್ವಿ ತಲೆ ತಗ್ಗಿಸಿ, ನಾನು ಸರಿಯಾಗಿ ತಿಳಿಸಿ ಹೇಳಬೇಕಾಗಿತ್ತು, ತಪ್ಪು ನನ್ನದೇ, ಅಷ್ಟು ಹೇಳಿ ನಿಲ್ಲಿಸಿದರು. ಬಾಗಿಲಲ್ಲಿ ಗುಸುಗುಸು ಎದ್ದಿತು. ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಕೌನ್ಸಿಲರ್ ನನ್ನ ಕಡೆ ತಿರುಗಿ, “ಆ ಹುಡುಗಿಯನ್ನೂ ಒಂದು ಮಾತು ಕೇಳಿಬಿಡಿ, ನಿಮ್ಮ ಭಾಷೆಯಲ್ಲಿ” ಎಂದು ತಮಿಳಿನಲ್ಲಿ ಹೇಳಿದರು.

“ಸವಿತ, ನರ್ಸಮ್ಮ ನಿನಗೆ ಏನು ಹೇಳಿದರು ಅಂತ ಕೇಳ್ತಿದ್ದಾರೆ” ಎಂದೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ತಿಂಗಳು ಬಿಟ್ಟು ಬಾ ಅಂದರು ಎನ್ನುವ ನಾಲ್ಕು ಮಾತು ಸಾಕಾಗಿತ್ತು ಅವಳಿಗೆ. ಯಾರೂ ಅವಳನ್ನು ದೂರುತ್ತಿರಲಿಲ್ಲ. ಸವಿತ ಸೆಲ್ವಿಯ ಪಾದಗಳನ್ನೇ ನೋಡುತ್ತಿದ್ದಳು. ಬಹುಶಃ ಆವತ್ತು ನೀರಿನಲ್ಲಿ ಬರಿಗಾಲಲ್ಲಿ ಓಡಿಬಂದದ್ದನ್ನು ನಾನೇ ಅವಳಿಗೆ ಹೇಳಿದ್ದು ನೆನಪಾಯಿತೇನೋ. ಆಮೇಲೆ ಎದ್ದು ನಿಂತಳು.

“ಸೋಮವಾರ ಬಾ ಅಂದಿದ್ರು. ಅವ್ರ ಭಾಸೇಲಿ ಸೋಮವಾರುಕ್ಕೆ ತಿಂಗ್ಳು ಅಂತಾರಂತೆ. ನಾನು ತಿಂಗ್ಳು ಅಂತ ತಿಳ್ಕಂಡು ಮನೇಲೇ ಕುಂತ್ಕಂಡೆ. ಅವ್ರುದೇನೂ ತಪ್ಪಿಲ್ಲ ಅಂತ ಯೋಳಿ ಅಕ್ಕ.”

ಕೋಣೆಯಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ, ನನಗೆ ಮತ್ತು ತಾಯಮ್ಮನಿಗೆ. ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರು, ನಾನು ತಾಯಮ್ಮನ ಮುಖ ನೋಡುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇದು ಯಾರ ಕಾಲ ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಲಿಲ್ಲ. ತಾಯಮ್ಮ ಸೊಸೆಯ ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿದರು.

“ತಿಂಗ್ಳು ಅಂದ್ರೆ ತಿಂಗ್ಳೇಯ. ನಾನಾಗಿದ್ರೂ ಅಂಗೇ ತಿಳ್ಕತಿದ್ದೆ. ಅದುಕ್ಯಾಕೆ ಅಳ್ತೀಯೆ, ಬಾಣಂತಿ, ಕಣ್ಣೀರು ಆಕ್ಬೇಡ” ಎಂದರು. ಸವಿತ ಅವರ ಭುಜಕ್ಕೆ ಮುಖ ಒತ್ತಿಕೊಂಡಳು. ನಾನು ಅಳುತ್ತಲೇ ಎಲ್ಲವನ್ನೂ ತಮಿಳಿನಲ್ಲಿ ಹೇಳಿದೆ, ಕ್ಯಾಲೆಂಡರನ್ನೂ ಬೆರಳನ್ನೂ ಬಿಡದೆ. ಬಾಗಿಲಲ್ಲಿ ನಿಂತಿದ್ದವರಲ್ಲಿ ಕೆಲವರು ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು. ಸೆಲ್ವಿ ಬಂದು ಸವಿತಳ ಎದುರು ನೆಲದ ಮೇಲೆಯೇ ಕೂತು ಅವಳ ಮೊಣಕಾಲಿನ ಮೇಲೆ ಕೈಯಿಟ್ಟರು.

ಸದ್ಯ ಮುಗಿಯಿತು ಎಂದು ಕೌನ್ಸಿಲರ್ ಟೀ ಲೋಟಕ್ಕೆ ಕೈಹಾಕಿದರು. ತಾಯಮ್ಮನಿಗೆ ಮುಗಿದಿರಲಿಲ್ಲ.

“ಅಮ್ಮಾವ್ರೆ, ಅವ್ರುನ್ನ ಒಂದು ಮಾತು ಕೇಳಿ. ಇವ್ಳು ಸೋಮವಾರ ಬರ್ನಿಲ್ಲ. ಮುಂದ್ಲ ಸೋಮವಾರವೂ ಬರ್ನಿಲ್ಲ. ಕಾಲು ಊದಿದ್ದ ಬಸುರಿ ಯಾಕೆ ಬರ್ನಿಲ್ಲ ಅಂತ ಒಬ್ರಾದ್ರೂ ಬಂದು ಕೇಳುದ್ರಾ? ನನ್ನ ದೊಡ್ಡ ಮಗ್ಳೂ ಇಂಗೇ ಓದ್ಲು, ಚೊಚ್ಚಲ ಬಸುರೀಲಿ. ಊರಲ್ಲಿ ನರ್ಸು ಇದ್ಲು, ಡಾಕುಟ್ರು ಇದ್ದ. ಬಂದು ಕೇಳೋರು ಇರ್ನಿಲ್ಲ. ಮಾತು ತಪ್ಪಾಗಿ ತಿಳ್ಕಳದು ಮನ್ಸ ಆದೋನಿಗೆ ಇದ್ದುದ್ದೇ. ಬಂದು ಕೇಳಿದ್ರೆ ತಿಳೀತಿತ್ತಲ್ವಾ?”

ಆ ಮಾತನ್ನು ತಮಿಳಿಗೆ ತರುವಾಗ ನನ್ನ ದನಿ ತಗ್ಗಿತು. ಅದು ಸೆಲ್ವಿಗೆ ಹಾಕಿದ ಪ್ರಶ್ನೆಯಾಗಿರಲಿಲ್ಲ, ಆ ಪ್ಲಾಸ್ಟಿಕ್ ಕುರ್ಚಿಗಳಿಗೆ ಹಾಕಿದ್ದು. ಡಾಕ್ಟರ್, ಇರುವುದು ಒಬ್ಬರೇ ನರ್ಸು, ಇಷ್ಟೊಂದು ಬೀದಿಗಳು, ಹೊರಗೆ ಹೋದರೆ ಇಲ್ಲಿ ಬಾಗಿಲು ಹಾಕಬೇಕು, ಬಾಗಿಲು ಹಾಕಿದರೆ ಜನ ಬೈಯುತ್ತಾರೆ ಎಂದರು. ಬೈದವಳು ನಾನು, ನಾನು ನೆಲ ನೋಡಿದೆ. ಬರಬೇಕಾದ ಬಸುರಿ ಬಾರದೆ ಹೋದರೆ ಮನೆಗೆ ಹೋಗಿ ಕೇಳುವವರು ಬೇಕು, ಸಂಬಳವಿಲ್ಲ, ಯಾರು ಹೋಗುತ್ತೀರಿ ಎಂದು ಕೌನ್ಸಿಲರ್ ಬಾಗಿಲಲ್ಲಿದ್ದವರನ್ನು ಕೇಳಿದರು. ಬಾಗಿಲು ಸ್ವಲ್ಪ ಖಾಲಿಯಾಯಿತು.

“ಏನಂತೆ?” ಎಂದರು ತಾಯಮ್ಮ. ಹೇಳಿದೆ.

“ಅಷ್ಟೇಯಾ? ನಾನೇ ಓಯ್ತೀನಿ ಬುಡಿ.”

“ಅತ್ತೆ, ನಿಮ್ಗೆ ತಮುಳು ಬರಾಕಿಲ್ವಲ್ಲ!” ಎಂದಳು ಸವಿತ ಗಾಬರಿಯಾಗಿ.

“ಕೇಳಕ್ಕೆ ಯಾವ ತಮುಳು? ಬಾ ಅಂದ್ರೆ ಬತ್ತಾರೆ. ಬರ್ದೆ ಇದ್ರೆ ಕೈ ಇಡ್ಕಂಡು ಎಳ್ಕಬತ್ತೀನಿ.”

ಎಲ್ಲರೂ ನಕ್ಕರು. ನಾನು ತಮಾಷೆ ಎಂದೇ ತಿಳಿದೆ. ಮುಂದಿನ ಸೋಮವಾರ ಬೆಳಿಗ್ಗೆ ನೋಡಿದರೆ, ಆ ಮುದುಕಿ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಸೆಲ್ವಿಯ ಮುಂದೆ ನಿಂತಿದ್ದರು. ಯಾರು ಬಂದಿಲ್ಲ ಎಂದು ಸೆಲ್ವಿ ಬೆರಳು ಚಾಚಿ ಮನೆ ತೋರಿಸುವುದು, ತಾಯಮ್ಮ ನೀರು ತುಳಿದುಕೊಂಡು ಹೋಗುವುದು. ‘ಬಾ’ ಎನ್ನುವುದಕ್ಕೆ ಅಲ್ಲಿ ‘ವಾ’ ಅನ್ನುತ್ತಾರೆ ಎಂದು ನಾನು ಕಲಿಸಿಕೊಟ್ಟೆ. ಅವರು ಕಲಿತ ತಮಿಳು ಅದೊಂದೇ. ಬಾಗಿಲಲ್ಲಿ ನಿಂತು “ವಾ” ಅನ್ನುತ್ತಿದ್ದರು. ಒಳಗಿನಿಂದ ಅಡಿಗೆ ಆಗಿಲ್ಲ, ಗಂಡ ಊರಿಗೆ ಹೋಗಿದ್ದಾನೆ, ಆರಾಮಾಗಿದ್ದೇನೆ ಎಂಬ ಎಲ್ಲ ನೆಪಗಳೂ ತಮಿಳಿನಲ್ಲಿ ಬರುತ್ತಿದ್ದವು. ತಾಯಮ್ಮನಿಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಅದೇ ಅವರ ಬಲ. ನೆಪ ಅರ್ಥವಾಗದವರ ಮುಂದೆ ಯಾರು ತಾನೆ ಎಷ್ಟು ಹೊತ್ತು ನೆಪ ಹೇಳಬಲ್ಲರು? ಕೊನೆಗೆ ಕೊಡೆ ಬಿಚ್ಚಿಕೊಂಡು ಹಿಂದೆ ಬರುತ್ತಿದ್ದರು. ಸೆಲ್ವಿ ನಾಲ್ಕು ಮಾತು ಕನ್ನಡ ಕಲಿತರು. ಸಮಿತಿಯ ಸಭೆಗಳಲ್ಲಿ ವಡೆಗಿಂತ ಮುಂಚೆ, ಈ ಸಲ ಯಾರು ಬಂದಿಲ್ಲ ಎನ್ನುವ ಮಾತು ಬರತೊಡಗಿತು.

ಮಗು ಉಳಿಯಿತು. ನಮ್ಮ ಧನುರ್ಮಾಸವಾದ ಮಾರ್ಗಳಿಯ ಒಂದು ಎಳೆಬಿಸಿಲಿನ ದಿನ ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ತಂದರು. ಊರಿನಲ್ಲಿ ಹಸು ಕಟ್ಟುವವರಿಲ್ಲ, ಹೊಲ ನೋಡುವವರಿಲ್ಲ ಎಂದು ತಾಯಮ್ಮನ ಮೈದುನ ಮೇಲಿಂದ ಮೇಲೆ ಫೋನು ಮಾಡಿಸಿದರೂ ಅವರು ಹೋಗುವ ಮಾತೆತ್ತಲಿಲ್ಲ.

ಪೊಂಗಲ್ ಕಳೆದ ಮೇಲೆ ಒಂದು ಸೋಮವಾರ ಮೇಲಿನ ಅಧಿಕಾರಿಯೊಬ್ಬರು ಕೇಂದ್ರ ನೋಡಲು ಬಂದರು. ನಾನೂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಬೆಂಚುಗಳು ತುಂಬಿ ಹೆಂಗಸರು ಮೆಟ್ಟಿಲ ಮೇಲೂ ಕೂತಿದ್ದರು. ಅಧಿಕಾರಿ ಅದನ್ನು ನೋಡಿ ಸಂತೋಷಪಟ್ಟು, ಡಾಕ್ಟರ್ ಹತ್ತಿರ ಮಾತಾಡುತ್ತ ಹೊರಗೆ ಬಂದರು. ಅಷ್ಟರಲ್ಲಿ ತಾಯಮ್ಮ ಒಬ್ಬ ಬಸುರಿಯನ್ನು ಕೈಹಿಡಿದು ಎಳೆದುಕೊಂಡು ಬಂದು, ದಾರಿಗೆ ಅಡ್ಡ ನಿಂತಿದ್ದ ಅಧಿಕಾರಿಯನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು.

“ಯಾರಿವರು? ಯಾವ ಪೋಸ್ಟು?” ಎಂದರು ಅಧಿಕಾರಿ.

ಡಾಕ್ಟರ್ ಸೆಲ್ವಿಯ ಕಡೆ ನೋಡಿದರು. ಸೆಲ್ವಿ ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟು ಹೇಳಿದರು: “ಇವಂಗ ದಾನ್ ಸಾರ್, ಎಂಗಳೈ ಕೇಕ್ಕಿರವಂಗ.”

ತಾಯಮ್ಮ ನನ್ನ ಕಡೆ ಬಾಗಿ, “ಏನಂದ್ಲು ಸೆಲ್ವಿ?” ಎಂದು ಪಿಸುಗುಟ್ಟಿದರು.

“ಇವರೇ ನಮ್ಮನ್ನ ಕೇಳೋರು ಅಂದ್ರು.”

ಮಗಳು ಹೋದ ಸುದ್ದಿ ಹೇಳುವಾಗಲೂ ಒದ್ದೆಯಾಗದ ಅವರ ಕಣ್ಣು ಆವತ್ತು ತುಂಬಿತು. ಸೆರಗಿನಿಂದ ಒರೆಸಿಕೊಂಡು, “ಸರಿ ಬುಡವ್ವ, ಆ ಮೂಲೆ ಮನೆಯೋಳು ಇನ್ನೂ ಬಂದಿಲ್ಲ” ಎಂದು ಮೆಟ್ಟಿಲಿಳಿದು ಹೊರಟರು.